ಸಕ್ಕರಿ ಒಲ್ಲೆ ಅಂದ ಹುಡುಗ

"ಅಪ್ಪಾ… ಬೆರಳು!"

ಮಂಗಳಾ ಕೂಗಿದ ರಭಸಕ್ಕೆ ರಸ್ತೆಯಲ್ಲಿ ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಟಿದ್ದ ಚಕ್ಕಡಿಯವನೂ ತಿರುಗಿ ನೋಡಿದ.

ಒಲೆಯ ಮುಂದೆ ಕೂತಿದ್ದ ಪರಮೇಶಪ್ಪ ಮಾತ್ರ ಸಿಕ್ಕಿಬಿದ್ದ ಕಳ್ಳನ ಹಾಗೆ ತೋರುಬೆರಳನ್ನು ತುಟಿಯ ಹತ್ತಿರವೇ ಹಿಡಿದು ಕೂತುಬಿಟ್ಟ. ಬೆರಳ ತುದಿಯಲ್ಲಿ ಜಿಲೇಬಿ ಪಾಕ ಹೊಳೆಯುತ್ತಿತ್ತು.

"ಪಾಕ ನೋಡಾಕತ್ತಿದ್ನೆವ್ವಾ. ಎಳಿ ಬಂದೈತೋ ಇಲ್ಲೋ ಅಂತ…"

"ಎಳಿ ಬೆರಳಾಗ ನೋಡ್ತಾರ. ನಾಲಿಗ್ಯಾಗ ಯಾರು ನೋಡ್ತಾರ? ಸಾಕು, ಇವತ್ತಿಂದ ಈ ಅಂಗಡ್ಯಾಗ ಜಿಲೇಬಿನ ಬ್ಯಾಡ."

ಸಿಟ್ಟಿನಲ್ಲಿ ಕೈಗೆ ಸಿಕ್ಕ ಜಿಲೇಬಿ ತಾಟನ್ನು ಅವಳು ಕಸಿದುಕೊಂಡೇ ಬಿಟ್ಟಳು. ಕಸಿದುಕೊಂಡ ಮೇಲೆ ತಿಳಿಯಿತು, ಆ ತಾಟು ಅಪ್ಪನದಲ್ಲ. ಬೆಂಚಿನ ಮೇಲೆ ಕೂತಿದ್ದ ಗಿರಾಕಿಯದು!

ಗಿರಾಕಿ ಇಪ್ಪತ್ತಾರು ಇಪ್ಪತ್ತೇಳರ ಹುಡುಗ. ಬಾಯಿಗೆ ಒಯ್ಯುತ್ತಿದ್ದ ಅರ್ಧ ಜಿಲೇಬಿ ಕೈಯಲ್ಲೇ ಉಳಿದಿತ್ತು. ಅವನು ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಮೆತ್ತಗೆ ಕೇಳಿದ.

"ನಂದೇನು ತಪ್ಪಾತ್ರಿ?"

ನಗಬೇಕಾದ ಹೊತ್ತು. ಆದರೆ ಮಂಗಳಾಳ ಕಣ್ಣಲ್ಲಿ ನೀರು ಬಂತು. ತಾಟನ್ನು ಅಲ್ಲೇ ಇಟ್ಟು ಒಳಗೆ ಓಡಿದಳು.

ಪಾಪ, ಅವಳಾದರೂ ಏನು ಮಾಡಬೇಕು? ತಾಯಿಯಿಲ್ಲದ ಮನೆ. ಇರುವವನು ಅಪ್ಪ ಒಬ್ಬನೇ. ಅವನಿಗೆ ಸಕ್ಕರೆ ಕಾಯಿಲೆ, ಹೊಟ್ಟೆಪಾಡಿಗೆ ಮಿಠಾಯಿ ಅಂಗಡಿ! ಸುಗ್ಗಿ ಬಂತೆಂದರೆ ಬ್ಯಾಡಗಿ ತುಂಬ ಮೆಣಸಿನಕಾಯಿ ಘಾಟು. ಪೇಟೆ ದಾರಿಯ ಈ ಅಂಗಡಿ ಮುಂದೆ ಮಾತ್ರ ಪಾಕದ ವಾಸನೆ. ಹೆಬ್ಬೆರಳು ತೋರುಬೆರಳ ನಡುವೆ ಪಾಕ ಎಳೆದು ನೋಡುವುದು, ಆ ಬೆರಳನ್ನು ನೆಕ್ಕುವುದು… ಪರಮೇಶಪ್ಪನಿಗೆ ಸಣ್ಣಂದಿನ ರೂಢಿ. ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು.

ಕಾಲ್ಬೆರಳಿನ ಗಾಯವೊಂದು ಮಳೆಗಾಲದಿಂದ ಮಾಯ್ದಿರಲಿಲ್ಲ. ಹಾವೇರಿಯ ಡಾಕ್ಟರು ನೋಡಿ ಮುಚ್ಚುಮರೆಯಿಲ್ಲದೆ ಹೇಳಿದ್ದರು, "ಬಾಯಿ ಕಟ್ಟಿದರೆ ಕಾಲು ಉಳಿಯುತ್ತದೆ. ಇಲ್ಲದಿದ್ದರೆ ಬೆರಳು ತೆಗೆಯಬೇಕು. ಅದು ಬೆರಳಿಗೇ ನಿಲ್ಲುತ್ತದೆ ಅಂತ ನಾನು ಹೇಳಲಾರೆ."

ಮಂಗಳಾ ಒಳಗೆ ಗೋಡೆಗೆ ಆತು ನಿಂತು ಅಳುತ್ತಿದ್ದಾಗ ಹೊರಗೆ ಅಪ್ಪ ಮತ್ತು ಆ ಹುಡುಗ ಏನೋ ಮಾತಾಡುವುದು ಕೇಳಿಸುತ್ತಿತ್ತು. ಏನೆಂದು ಕೇಳಿಸಲಿಲ್ಲ. ಕೇಳಿಸಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು.

* * *

ಹುಡುಗನ ಹೆಸರು ಪ್ರಭುಲಿಂಗ. ತುಂಗಭದ್ರೆಯ ದಂಡೆಯ ಐರಣಿಯವನು. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಕೆಲಸ, ಬ್ಯಾಡಗಿಯ ಸುತ್ತ ರೈತರ ಹೊಲ ನೋಡಿಕೊಂಡು ಬರಬೇಕು. ಅದಕ್ಕೆ ಪೇಟೆಯಲ್ಲೇ ಕೋಣೆ ಹಿಡಿದಿದ್ದ. ಬಂದ ದಿನದಿಂದ ಬೆಳಗಿನ ಜಿಲೇಬಿ ತಪ್ಪಿಸಿದವನಲ್ಲ.

ಅಂಥವನು ಆ ದಿನದ ನಂತರ ಜಿಲೇಬಿ ಮುಟ್ಟಲಿಲ್ಲ!

ಅಂಗಡಿಗೆ ಬರುವುದು ಬಿಟ್ಟಿರಲಿಲ್ಲ. ಬರುತ್ತಿದ್ದ. ಆದರೆ ಒಲೆಯ ಹತ್ತಿರದ ಬೆಂಚು ಬಿಟ್ಟು ದೂರದ ಬೆಂಚಿಗೆ ಹೋಗಿ, ರಸ್ತೆಯ ಕಡೆ ಮುಖ ಮಾಡಿ ಕೂರುತ್ತಿದ್ದ.

"ಚಾಕ್ಕ ಸಕ್ಕರಿ ಹಾಕಬ್ಯಾಡ್ರಿ," ಎನ್ನುತ್ತಿದ್ದ. ಮೊದಲ ದಿನ ಆ ಸಪ್ಪೆ ಚಹಾ ಕುಡಿದಾಗ ಅವನ ಮುಖ ನೋಡಬೇಕಿತ್ತು. ಮಂಗಳಾಗೆ ನಗು ತಡೆಯಲಾಗಲಿಲ್ಲ.

ಇನ್ನೊಂದು ಬದಲಾವಣೆ. ಅಪ್ಪನ ಒಲೆಯ ಬದಿಗೆ ಒಂದು ಬಟ್ಟಲು ನೀರು ಬಂದು ಕೂತಿತ್ತು. ಪಾಕ ಎಳೆದು ನೋಡಿದ ಬೆರಳು ಅರ್ಧ ದಾರಿ ಬಾಯಿಯ ಕಡೆ ಹೋಗಿ, ಅಲ್ಲೇ ತಡೆದು, ತಿರುಗಿ ನೀರಿಗೆ ಇಳಿಯುತ್ತಿತ್ತು. ಒಮ್ಮೊಮ್ಮೆ ಅಪ್ಪ ಕಣ್ಣು ಮುಚ್ಚಿ, ತುಟಿ ಬಿಗಿಹಿಡಿದು ಕೂತಿರುತ್ತಿದ್ದ. ಆಮೇಲೆ ಒಂದು ಚಿಟಿಕೆ ಬಡೇಸೋಪು ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಬೆಳಗ್ಗೆ ಹೊರಡುವ ಮುನ್ನ ಪ್ರಭು ಒಲೆಯ ಹತ್ತಿರ ಬಗ್ಗಿ ಹೇಳುತ್ತಿದ್ದ.

"ಸಂಜಿ ಮಟ, ಕಾಕಾರ."

"ಹ್ಞೂಂ ತಮ್ಮಾ, ಸಂಜಿ ಮಟ."

ಸಂಜೆ ಹೊಲ ಸುತ್ತಿ ಬಂದವನು ಮತ್ತೆ, "ಮುಂಜಾನಿ ಮಟ?" ಎನ್ನುತ್ತಿದ್ದ. ಅಪ್ಪ ತಲೆಯಾಡಿಸುತ್ತಿದ್ದ. ಸಂಜೆಯ ತನಕ, ಮತ್ತೆ ಬೆಳಗಿನ ತನಕ… ಏನು ಎಂಬುದು ಮಾತ್ರ ಹೊರಗೆ ಬರುತ್ತಿರಲಿಲ್ಲ.

"ಏನಪ್ಪಾ ಅದು, ಸಂಜಿ ಮಟ ಮುಂಜಾನಿ ಮಟ?" ಎಂದು ಕೇಳಿದರೆ, "ಗಂಡಸರ ಮಾತು, ನಿನಗ್ಯಾಕ?" ಎಂದು ಅಪ್ಪ ಬಾಯಿ ಮುಚ್ಚಿಸುತ್ತಿದ್ದ.

ಗಾಯ ಒಣಗತೊಡಗಿತು. ದಿನವೂ ಔಷಧ ಹಚ್ಚಿ ಬಟ್ಟೆ ಕಟ್ಟುತ್ತಿದ್ದ ಮಂಗಳಾಗೆ ಅದು ಮೊದಲು ತಿಳಿಯಿತು. ಡಾಕ್ಟರ ಗುಳಿಗೆ ಹತ್ತಿತು ಎಂದುಕೊಂಡಳು. ದೇವರಿಗೆ ದೀಪ ಹಚ್ಚಿದಳು. ಆ ದೀಪದಲ್ಲಿ ಅರ್ಧ ಯಾರಿಗೆ ಸಲ್ಲಬೇಕಿತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಆದರೆ ಅವನ ಮೇಲಿನ ಅವಳ ಕಣ್ಣು ಮಾತ್ರ ದಿನದಿನಕ್ಕೆ ಬೇರೆಯಾಗುತ್ತಿತ್ತು.

ಮದುವೆಯ ದಿಬ್ಬಣದವರು ಅಂಗಡಿಗೆ ಬಂದಾಗ ಅವರಲ್ಲಿದ್ದ ಗೆಳೆಯರು ಪ್ರಭುವಿನ ಬಾಯಿಗೆ ಬುಂದೆ ಲಾಡು ತುರುಕಲು ನೋಡಿದ್ದರು. ಅವನು ಸಿಟ್ಟಾಗಲಿಲ್ಲ, ಉಪದೇಶ ಮಾಡಲಿಲ್ಲ. ನಗುತ್ತಾ ಆ ಲಾಡನ್ನು ತುರುಕಲು ಬಂದವನ ಬಾಯಿಗೇ ಹಾಕಿದ. ಪ್ರಭುವಿನ ಗಂಟಲು ಮಾತ್ರ ಒಮ್ಮೆ ಮೇಲೆ ಕೆಳಗೆ ಆದದ್ದನ್ನು ಮಂಗಳಾ ಕಂಡಳು. ಆಸೆ ಇಲ್ಲದವನಲ್ಲ ಇವನು. ಆಸೆ ಇದ್ದೂ ನಿಲ್ಲುವವನು… ಇಂಥ ಗಂಡಸನ್ನು ನಾನು ನೋಡೇ ಇಲ್ಲವಲ್ಲ!

ಮೆಚ್ಚುಗೆ ಒಂದು ಕಡೆ, ಮುನಿಸು ಇನ್ನೊಂದು ಕಡೆ. ನಾನು ಅವತ್ತು ತಾಟು ಕಸಿದುಕೊಂಡೆನೆಂದು ಹಟಕ್ಕೆ ಬಿಟ್ಟಿರಬಹುದೇ?

ಒಂದು ದಿನ ಅಪ್ಪ ಮೈದಾ ತರಲು ಪೇಟೆಗೆ ಹೋಗಿದ್ದ. ಮಂಗಳಾ ತಾನೇ ಜಿಲೇಬಿ ಬಿಟ್ಟಳು. ಗರಿಗರಿಯಾದುವನ್ನೇ ಆರಿಸಿ ತಾಟಿನಲ್ಲಿಟ್ಟು ಅವನ ಮುಂದೆ ಹಿಡಿದಳು.

"ಅವತ್ತು ಕಸಗೊಂಡಿದ್ದೆ. ಇವತ್ತು ನಾನ ಕೊಡಾಕತ್ತೇನಿ. ತಿನ್ರಿ."

ಪ್ರಭು ತಾಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಬಿಸಿ ಹಬೆ ಅವನ ಮುಖಕ್ಕೆ ತಾಗಿತು. ತುಸು ಹೊತ್ತು ಹಾಗೆಯೇ ಹಿಡಿದಿದ್ದು, ಮೆಲ್ಲಗೆ ಬೆಂಚಿನ ಮೇಲಿಟ್ಟ.

"ಒಲ್ಲೆರಿ."

ಅವಳ ಮುಖ ಸಣ್ಣದಾಯಿತು. "ನಾ ಮಾಡೇನಿ ಅಂತ ಒಲ್ಲೆ ಅಂತೀರೇನು?"

"ಜಿಲೇಬಿ ಒಲ್ಲೆ ಅಂದೆ, ಮಂಗಳವ್ವಾರ." ಅವನು ರಸ್ತೆಯ ಕಡೆಯಿಂದ ಮುಖ ತಿರುಗಿಸಿ, ಅವತ್ತಿನ ನಂತರ ಮೊದಲ ಸಲ ನೇರವಾಗಿ ಅವಳನ್ನು ನೋಡಿದ. "ಮಾಡಿದ ಕೈ ಒಲ್ಲೆ ಅಂತ ಎಲ್ಲಿ ಅಂದೆ?"

ಅಷ್ಟು ಹೇಳಿ ಬೀಜದ ಚೀಲವನ್ನು ಬೆಂಚಿನ ಮೇಲೇ ಮರೆತು ಎದ್ದು ಹೋದ. ಆ ಚೀಲ ಸಂಜೆಯವರೆಗೂ ಮಂಗಳಾಳ ಪಕ್ಕದಲ್ಲೇ ಇತ್ತು. ಅವಳು ಅದನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ.

* * *

ಹೇಳಬೇಕಾದ್ದು ಹೇಳಿದ ಮೇಲೆ ಹಿರಿಯರಿಗೆ ತಿಳಿಯಲು ಎಷ್ಟು ಹೊತ್ತು? ಎರಡೂ ಕಡೆ ಜಾತಿ, ಮನೆತನ, ನಡತೆ ಕೂಡಿಬಂದವು. ಆಗಿನ್ನೂ ಫೋನು ಮನೆಮನೆಗೆ ಬಂದಿರಲಿಲ್ಲ. ಮಾತು ಎಂದರೆ ಮನುಷ್ಯರೇ ಹೊತ್ತು ತರಬೇಕು. ಪರಮೇಶಪ್ಪನ ಭಾವಮೈದುನ ಉಡಚಪ್ಪ ಸಕ್ಕರೆ ಪೊಟ್ಟಣ ಕಟ್ಟಿಸಿಕೊಂಡು ಐರಣಿಗೆ, ಪ್ರಭುವಿನ ಮನೆಗೆ ಹೊರಟ. ಅವರ ಬಳಗದ ಪದ್ಧತಿ ಅದು. ತಾಟಿನಲ್ಲಿ ಸಕ್ಕರೆ ಇಟ್ಟು ಹುಡುಗನ ಮುಂದೆ ಹಿಡಿಯಬೇಕು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡನೆಂದರೆ ಹುಡುಗಿಯನ್ನು ಒಪ್ಪಿದ ಹಾಗೆ.

ಮಂಗಳಾ ಅವತ್ತೆಲ್ಲ ಬಾಗಿಲಲ್ಲೇ ಇದ್ದಳು. ಸಂಜೆ ಮಾವ ಬಸ್ಸಿಳಿದು ಬಂದ. ಕೈಯಲ್ಲಿ ಪೊಟ್ಟಣ ಹಾಗೆಯೇ ಇತ್ತು, ದಾರವೂ ಬಿಚ್ಚಿದಂತಿರಲಿಲ್ಲ.

"ಮಾಮಾ…?"

"ಸಕ್ಕರಿ ಒಲ್ಲೆ ಅಂದ ಆ ಹುಡುಗ."

ಉಡಚಪ್ಪ ಬೆಂಚಿನ ಮೇಲೆ ಕುಸಿದು ಕೂತ. "ತಾಟಿಗೆ ಹಾಕೂಕಿಂತ ಮೊದಲ ಕೈ ಅಡ್ಡ ಹಿಡದ. ಮಂದಿ ಮುಂದ ಮರ್ಯಾದಿ ಹೋತು. ಒಂದು ಹಳ್ಳರ, ಒಂದ ಕಾಳರ ಬಾಯಾಗ ಹಾಕ್ಕೋ ತಮ್ಮಾ, ಶಾಸ್ತ್ರಕ್ಕ ಅಂದೆ. ಒಲ್ಲೆರಿ, ನಾ ಮಾತು ಕೊಟ್ಟೇನಿ ಅಂದ. ಯಾರಿಗೆ ಕೊಟ್ಟಿ ಅಂದ್ರ ಹೇಳೋಹಂಗಿಲ್ಲ ಅಂದ. ಮತ್ತೇನು ಕೇಳೂದು? ಇನ್ನೊಬ್ಬಾಕಿಗೆ ಮಾತು ಕೊಟ್ಟಾನಂದ ಮ್ಯಾಲೆ ಅಲ್ಲಿ ನೀರೂ ಕುಡೀಲಿಲ್ಲ, ಎದ್ದು ಬಂದೆ. ಹಿಂದಿಂದ ಏನೋ ಕೂಗಾಕತ್ತಿದ್ದ, ನಾ ತಿರುಗಿ ನೋಡಲಿಲ್ಲ."

ಮಂಗಳಾಳ ಕಿವಿಯಲ್ಲಿ ಒಂದೇ ಮಾತು ಉಳಿಯಿತು. ಮಾತು ಕೊಟ್ಟೇನಿ.

ಇನ್ನೊಬ್ಬಳಿಗೆ…

ಹಾಗಾದರೆ 'ಮಾಡಿದ ಕೈ ಒಲ್ಲೆ ಅಂತ ಎಲ್ಲಿ ಅಂದೆ' ಅಂದದ್ದು ಏಕೆ? ತಮಾಷೆಗೆ? ಅವಳಿಗೆ ಅಳು ಕೂಡ ಬರಲಿಲ್ಲ. ಒಳಗೆ ಹೋಗಿ ಅವನ ಚಹಾದ ಲೋಟವನ್ನು ತೊಳೆದು ಬೋರಲು ಹಾಕಿದಳು. ಒಮ್ಮೆ ತೊಳೆದದ್ದನ್ನೇ ಮತ್ತೆ ತೊಳೆದಳು.

ಒಲೆಯ ಮುಂದಿದ್ದ ಪರಮೇಶಪ್ಪ ಕೆಂಡ ಕೆದಕುತ್ತಾ ಕೂತ. ಅವನ ಮುಖದ ಬಣ್ಣ ಇಳಿದಿತ್ತು. ಮಗಳ ದುಃಖಕ್ಕೆ ಎಂದು ಎಲ್ಲರೂ ತಿಳಿದರು.

* * *

ಬೆಳಗ್ಗೆ ಮಂಗಳಾ ಒಲೆ ಹೊತ್ತಿಸಲು ಕೂತಳು. ರೆಪ್ಪೆ ಊದಿದ್ದವು. ಅಪ್ಪ ಬಂದವನು ತನ್ನ ಜಾಗದಲ್ಲಿ ಕೂರದೆ ನಿಂತೇ ಇದ್ದ.

"ಯವ್ವಾ, ಒಲಿ ಹಚ್ಚಬ್ಯಾಡ. ನಂದೊಂದು ಮಾತೈತಿ."

ಅವಳು ತಲೆಯೆತ್ತಿದಳು.

"ಆ ಹುಡುಗ ಮಾತು ಕೊಟ್ಟಾನು, ಖರೇ. ಆದ್ರ ಯಾವ ಹುಡುಗಿಗೂ ಅಲ್ಲ." ಪರಮೇಶಪ್ಪ ಎದೆಯ ಮೇಲೆ ಕೈ ಇಟ್ಟುಕೊಂಡ. "ನನಗ ಕೊಟ್ಟಾನು."

ಮಂಗಳಾಗೆ ಅರ್ಥವಾಗಲಿಲ್ಲ.

"ನೀ ತಾಟು ಕಸಗೊಂಡು ಅಳಕೋತ ಒಳಗ ಹೋದೆಲ್ಲ, ಅವತ್ತು. ಆ ಹುಡುಗ ಯಾಕ್ರಿ ಅಂತ ಕೇಳಿದ. ಹೇಳಿದೆ. ಬಿಡೂದು ನನ್ನಿಂದ ಆಗೂದಿಲ್ಲ ತಮ್ಮಾ, ಈ ಜಿಲೇಬಿ ನೀನರ ಬಿಡ್ತಿಯೇನು ಅಂತ ಚಾಷ್ಟಿ ಮಾಡಿದೆ. ಅವ ಕೈಯಾಗಿನ ಅರ್ಧ ತುಂಡು ಕೆಳಗಿಟ್ಟು, ಬಿಟ್ಟೆರಿ ಅಂದ. ಬರ್ರಿ, ಇಬ್ಬರೂ ಕೂಡಿ ಬಿಡೋಣು ಅಂದ."

"ಆ ನೀರಿನ ಬಟ್ಟಲಾ…?"

"ಅವನ ಇಟ್ಟಾನು. ಜನ್ಮಪೂರ್ತಿ ಬಿಡ್ತೀನಿ ಅಂದ್ರ ಮನಸು ಹೆದರ್ತೈತಿ ಕಾಕಾರ, ಸಂಜಿ ಮಟ ಅಂದ್ರ ಒಪ್ಪತೈತಿ, ಸಂಜಿಗೆ ಮತ್ತ ಮುಂಜಾನಿ ಮಟ ಅನ್ನೂದು ಅಂತ ಹೇಳಿಕೊಟ್ಟ. ನಿನಗ ಹೇಳಬ್ಯಾಡಂತ ಆಣಿ ತಗೊಂಡಾವ ನಾನು. ಸೋತ್ರ ನಿನ್ನ ಮುಂದ ನಾಚಿಕಿ ಅಂತ. ಕರಾರು ಒಂದ ಇತ್ತು. ಯಾರು ಮೊದಲು ತಿಂತೀವಿ, ಅವರು ಇನ್ನೊಬ್ಬರ ಮುಂದ ಬಂದು ಹೇಳಬೇಕು. ಅಲ್ಲಿಗೆ ಇಬ್ಬರೂ ಬಿಡುಗಡಿ."

ಪರಮೇಶಪ್ಪ ಗೋಡೆ ಹಿಡಿದು ಮೆಲ್ಲಗೆ ಕೂತ.

"ನಾ ತಿಂದೇನಿ, ಯವ್ವಾ. ಹಾವೇರ್ಯಾಗ ಹೊಸಾ ಮನಿ ವಾಸ್ತುಶಾಂತಿಗೆ ಹೋದಾಗ ಹೋಳಿಗಿ. ಗಾಯ ಒಣಗೈತಿ ಅಂತ ಸೊಕ್ಕು ಬಂದಿತ್ತು. ಆಮ್ಯಾಲೆ ಪಾಕದ ಬೆರಳೂ ಬಾಯಿಗೆ ಹೋತು. ಅವಗ ಹೇಳಲಿಲ್ಲ. ದಿನಾ ಬಂದು ಸಂಜಿ ಮಟ ಅಂದ್ರ, ಹ್ಞೂಂ ಅಂದೆ. ನಾ ಹೇಳಿದ್ದಿದ್ರ ನಿನ್ನಿ ಅವ ಆರಾಮ ಸಕ್ಕರಿ ತಿಂತಿದ್ದ."

ಮಂಗಳಾ ಬಗ್ಗಿ ಅಪ್ಪನ ಕಾಲಿನ ಬಟ್ಟೆ ಬಿಚ್ಚಿದಳು. ಮೂರ್ನಾಲ್ಕು ದಿನದಿಂದ 'ನಾನ ಕಟ್ಟಿಕೊಂಡೇನಿ' ಎಂದು ಅವನು ಅವಳಿಗೆ ತೋರಿಸಿರಲಿಲ್ಲ. ಒಣಗಿದ್ದ ಗಾಯದ ಅಂಚು ಮತ್ತೆ ಹಸಿಯಾಗಿತ್ತು.

ಸಿಟ್ಟು ಬಂತು. ಅಳು ಬಂತು. ಅವೆರಡರ ಕೆಳಗಿನಿಂದ ಇನ್ನೊಂದು ಬಂತು, ಎದೆ ತುಂಬುವಂಥದ್ದು. ನನ್ನ ಅಪ್ಪನ ಕಾಲಿಗಾಗಿ ಯಾರೋ ಒಬ್ಬ ಇಷ್ಟು ದಿನ ಸಪ್ಪೆ ಚಹಾ ಕುಡಿದ. ನಾನೇ ಕೈಯಾರೆ ಜಿಲೇಬಿ ಮುಂದಿಟ್ಟಾಗಲೂ ನಿಂತ. ಹುಡುಗಿ ಕೈತಪ್ಪುತ್ತಾಳೆ ಎಂದು ಗೊತ್ತಿದ್ದೂ ನಿಂತ!

ಅವಳು ಗಾಯ ತೊಳೆದು, ಹೊಸ ಬಟ್ಟೆ ಕಟ್ಟಿ ಎದ್ದಳು.

"ನಡಿಯಪ್ಪಾ."

"ಎಲ್ಲಿಗೆ?"

"ಐರಣಿಗೆ. ತಿಂದಾವರು ಮುಂದ ಬಂದು ಹೇಳಬೇಕಂತ ಕರಾರಿಲ್ಲೇನು? ನಡಿ, ಹೇಳೀಯಂತ."

ಸಕ್ಕರೆ ಪೊಟ್ಟಣವನ್ನೂ ತೆಗೆದುಕೊಂಡಳು.

* * *

ಬ್ಯಾಡಗಿಯಿಂದ ಹೊರಟವರು ಮೋಟೆಬೆನ್ನೂರಿನಲ್ಲಿ ಇಳಿದು, ಹೆದ್ದಾರಿಯಲ್ಲಿ ರಾಣೆಬೆನ್ನೂರಿನ ಬಸ್ಸು ಹಿಡಿಯಬೇಕು. ಅಪ್ಪ ಮಗಳು ಬೇವಿನ ಮರದ ಕೆಳಗೆ ನಿಂತರು. ಪಕ್ಕದಲ್ಲಿ ಉಚ್ಚಂಗೆವ್ವ ಎಂಬ ಮುದುಕಿ ಬುಟ್ಟಿ ತುಂಬ ಎಳೆ ಸೌತೆಕಾಯಿ ಇಟ್ಟುಕೊಂಡು ಕೂತಿದ್ದಳು.

ರಾಣೆಬೆನ್ನೂರಿನ ಕಡೆಯಿಂದ ಒಂದು ಬಸ್ಸು ಬಂದು ನಿಂತಿತು. ಇಳಿದವರಲ್ಲಿ ಒಬ್ಬನ ಅಂಗಿ ಮುದ್ದೆಯಾಗಿತ್ತು, ಕಣ್ಣು ಕೆಂಪಾಗಿತ್ತು. ಬ್ಯಾಡಗಿ ಬಸ್ಸು ಎಲ್ಲಿ ಎಂದು ಹುಡುಕುತ್ತಾ ತಿರುಗಿದವನು, ಅವಳನ್ನು ನೋಡಿ ಅಲ್ಲೇ ನಿಂತುಬಿಟ್ಟ.

ಪ್ರಭು!

"ನಿಮ್ಮ ಊರಿಗೇ ಹೊಂಟಿದ್ದೆ," ಎಂದ. "ಮಂಗಳವ್ವಾರ, ನಿನ್ನಿ ನಿಮ್ಮ ಮಾಮಾರು ಪೂರಾ ಕೇಳಲಿಲ್ಲ. ಸಕ್ಕರಿ ಅಷ್ಟ ಒಲ್ಲೆ ಅಂದೆ. ಹುಡುಗಿನ್ನ ಒಲ್ಲೆ ಅಂತ…"

"ಎಲ್ಲಿ ಅಂದೆ, ಅಲ್ಲೇನ್ರಿ?" ಎಂದಳು ಅವಳು. ಕಣ್ಣು ತುಂಬಿ ಅವನ ಮುಖ ಮಸುಕಾಗಿ ಕಾಣುತ್ತಿತ್ತು.

ಪರಮೇಶಪ್ಪ ಕುಂಟುತ್ತಾ ಮುಂದೆ ಬಂದ. ಪೇಟೆಯಲ್ಲಿ ತಲೆಯೆತ್ತಿ ನಡೆದ ಮನುಷ್ಯ, ಮಗನ ವಯಸ್ಸಿನವನ ಮುಂದೆ ಕೈ ಜೋಡಿಸಿದ.

"ತಮ್ಮಾ, ನಾ ತಿಂದೇನಿ. ತಿಂದು ಮುಚ್ಚಿಟ್ಟೆ. ನನ್ನ ಸುಳ್ಳು ನಿನ್ನ ತಾಟಿಗೆ ಬಂತು. ಇನ್ನ ನೀ ಬಿಡುಗಡಿ."

ಪ್ರಭು ಬೈಯುತ್ತಾನೆ ಎಂದುಕೊಂಡಳು ಮಂಗಳಾ. ಬೈದಿದ್ದರೂ ತಪ್ಪಿರಲಿಲ್ಲ. ಅವನು ಜೋಡಿಸಿದ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ.

"ಗಾಯ ಹೆಂಗೈತ್ರಿ, ಕಾಕಾರ?"

ಅವನು ಮೊದಲು ಕೇಳಿದ್ದು ಅದನ್ನು. ಪರಮೇಶಪ್ಪ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಮಂಗಳಾಳೇ ಹೇಳಿದಳು, "ಮತ್ತ ಹಸಿ ಆಗೈತ್ರಿ."

ಪ್ರಭು ತಲೆ ತಗ್ಗಿಸಿದ.

ಅವಳಿಗೆ ಕೇಳದೆ ಇರಲಾಗಲಿಲ್ಲ. "ಒಂದು ಹಳ್ಳು ಸಕ್ಕರಿ… ಶಾಸ್ತ್ರಕ್ಕ ಬಾಯಾಗ ಹಾಕ್ಕೊಂಡಿದ್ರ ಏನಾಗ್ತಿತ್ತ್ರಿ?"

ಅವನು ಹೆದ್ದಾರಿಯ ಕಡೆ ಮುಖ ತಿರುಗಿಸಿದ.

"ನಮ್ಮವ್ವಗೂ ಇದ ಬ್ಯಾನಿ ಇತ್ತು. ಪೇಡೆ ಅಂದ್ರ ಜೀವ ಬಿಡ್ತಿದ್ಳು. ಅಪ್ಪಗ ಕಾಣದಂಗ ನಾ ಕಿಸೆದಾಗ ತಂದು ಕೊಡ್ತಿದ್ದೆ. ಒಂದ ಅಲ್ಲೇನು, ಒಂದರಿಂದ ಏನಾಗ್ತೈತಿ ಅಂತಿದ್ದೆ. ದಿನಾ ಒಂದ." ಅವನ ದನಿ ಇಳಿಯಿತು. "ಕಾಲು ಹೋತು. ಆಮ್ಯಾಲೆ ಅವ್ವನೂ ಹೋದ್ಳು. ಆಕಿಗೆ ಒಲ್ಲೆ ಅನ್ನಾಕ ನಾ ಕಲಿಸಲಿಲ್ಲ. ಅದಕ್ಕ, ಒಂದು ಹಳ್ಳು ಅಂದ್ರ ನನಗ ಹೆದರಿಕಿ."

ಮಂಗಳಾಗೆ ಆ ಬೆಳಗಿನ ಅರ್ಧ ಜಿಲೇಬಿ ನೆನಪಾಯಿತು. ಅಳುತ್ತಾ ಓಡಿದ ಒಬ್ಬ ಮಗಳನ್ನು ಕಂಡು ಅವನು ಅದನ್ನು ಕೆಳಗಿಟ್ಟದ್ದು ಏಕೆಂದು ಈಗ ಅರ್ಥವಾಯಿತು. ಅವಳು ಒಂದು ಹೆಜ್ಜೆ ಮುಂದೆ ಬಂದು ಅವನ ತೋಳು ಮುಟ್ಟಿದಳು. ಅಪ್ಪನ ಎದುರಿಗೇ, ಬಸ್ ನಿಲ್ದಾಣದಲ್ಲೇ. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ.

ಪರಮೇಶಪ್ಪ ಕಣ್ಣೊರೆಸಿಕೊಂಡ. ಮಗಳ ಕೈಯಿಂದ ಪೊಟ್ಟಣ ತೆಗೆದುಕೊಂಡು ಉಚ್ಚಂಗೆವ್ವನ ಮಡಿಲಿಗೆ ಹಾಕಿದ.

"ಇದನ್ನ ನೀ ಮನಿಗೆ ಒಯ್ಯಿ ಯವ್ವಾ. ನನಗ ನಾಕು ಸೌತಿಕಾಯಿ ಹೆಚ್ಚಿ ಕೊಡು." ಆಮೇಲೆ ಪ್ರಭುವಿನ ಕಡೆ ತಿರುಗಿದ. "ತಮ್ಮಾ, ಸೋತಾವ ಮತ್ತ ಆಟಕ್ಕ ಬರಬಹುದೇನು?"

"ಬರ್ರಿ ಕಾಕಾರ." ಪ್ರಭುವಿನ ಮುಖದಲ್ಲಿ ಅವತ್ತು ಮೊದಲ ಸಲ ನಗು ಬಂತು. "ಸಂಜಿ ಮಟ?"

"ಸಂಜಿ ಮಟ. ಈ ಸರತಿ ಮಗಳ ಮುಂದನ ಹೇಳಾಕತ್ತೇನಿ."

ಮುದುಕಿ ಸೌತೆಕಾಯಿ ಸೀಳಿ, ಉಪ್ಪು ಖಾರ ಸವರಿ ಎಲೆಯ ಮೇಲಿಟ್ಟಳು. ಪರಮೇಶಪ್ಪ ಎರಡೂ ಕೈಯಲ್ಲಿ ಎಲೆ ಹಿಡಿದು, ಶಾಸ್ತ್ರೋಕ್ತವಾಗಿ ಹುಡುಗನ ಮುಂದೆ ಚಾಚಿದ. ಪ್ರಭು ಒಂದು ತುಂಡು ಬಾಯಿಗೆ ಹಾಕಿಕೊಂಡ. ಬ್ಯಾಡಗಿಯ ಆ ಬಳಗದಲ್ಲಿ ಸಕ್ಕರೆಯಿಲ್ಲದೆ ಗಟ್ಟಿಯಾದ ಮೊದಲ ಸಂಬಂಧ ಅದೇ ಇರಬೇಕು. ಉಡಚಪ್ಪ ಮುಂದೆ ಎಷ್ಟೋ ದಿನ ಇದನ್ನು ಸೌತಿಕಾಯಿ ಶಾಸ್ತ್ರ ಎಂದೇ ಕರೆದ.

ಬ್ಯಾಡಗಿಗೆ ತಿರುಗಿ ಹೋಗುವ ಬಸ್ಸು ಬರುವುದು ಇನ್ನೂ ತಡವಿತ್ತು. ಅಪ್ಪ ಮುದುಕಿಯ ಜೊತೆ ಮಾತಿಗೆ ಕೂತ. ಬೇಕೆಂದೇ ಬೆನ್ನು ತಿರುಗಿಸಿ ಕೂತನೆಂದು ಕಾಣುತ್ತದೆ.

ಮಂಗಳಾ ಸೆರಗಿನ ಅಂಚು ಸುತ್ತುತ್ತಾ ಕೇಳಿದಳು.

"ಜನ್ಮಪೂರ್ತಿ ಅಂದ್ರ ಮನಸು ಹೆದರ್ತೈತಿ ಅಂತೀರಂತ. ಹಂಗಂದ್ರ ನನಗ ಎಲ್ಲಿ ಮಟ ಮಾತು ಕೊಡ್ತೀರಿ?"

"ಸಂಜಿ ಮಟ."

"ಸಂಜಿ ಆದ ಮ್ಯಾಲೆ?"

"ನೀವು ಮತ್ತ ಕೇಳ್ರಿ. ಮುಂಜಾನಿ ಮಟ ಅಂತೀನಿ."

"ಹಂಗಾದ್ರ ದಿನಾ ಕೇಳಬೇಕಾಗ್ತೈತಲ್ರಿ…"

"ದಿನಾ ಕೇಳ್ಲಿ ಅಂತನ ಅಂದೇನಿ," ಎಂದ ಪ್ರಭು.